ಸೋಮವಾರದ ಕಾಗದದಲ್ಲಿದ್ದ ಮಾತು

“ಆ ಮಾತು ಹೊಡೆದುಹಾಕ್ರಿ,” ಅಂದಳು ಅಂಜಮ್ಮ. “ಬ್ಯಾರೆ ಏನೂ ಕೇಳಾಕೆ ಬಂದಿಲ್ಲ ನಾನು.”

ಬನ್ನಿಗಟ್ಟೆ ಠಾಣೆಯ ಮೇಜಿನ ಮುಂದೆ ಅವಳು ನಿಂತೇ ಇದ್ದಳು. ಸಬ್ ಇನ್ಸ್‌ಪೆಕ್ಟರ್ ಚಿಕ್ಕಹನುಮಂತಪ್ಪ ಎರಡು ಸಲ ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಿಳಿಚೋಡಿನಿಂದ ಮೊದಲ ಬಸ್ಸು ಹಿಡಿದು, ಎರಡು ಕಡೆ ಇಳಿದು ಹತ್ತಿ, ಹನ್ನೊಂದಕ್ಕೆ ಬಂದು ತಲುಪಿದ್ದಳು.

ಅವಳ ಗಂಡ ಸಣ್ಣಪ್ಪ, ಬನ್ನಿಗಟ್ಟೆಯ ವಿರೂಪಾಕ್ಷಪ್ಪನ ಅಡಿಕೆ ಮಂಡಿಯ ಕಾವಲುಗಾರ, ಶನಿವಾರ ಶನಿವಾರ ಮನೆಗೆ ಬರುತ್ತಿದ್ದ. ಜೂನ್ ಎರಡರ ಶನಿವಾರದಿಂದ ಬಂದಿರಲಿಲ್ಲ. ಮಂಡಿಯ ಹಿಂದಿನ ಗೋದಾಮಿನಿಂದ ನಲವತ್ತೆರಡು ಮೂಟೆ ಅಡಿಕೆಯೂ ಹೋಗಿತ್ತು. ಕಳ್ಳ ಅವನೇ ಎಂದು ಕಾಗದಗಳು ತೀರ್ಮಾನಿಸಿ ನಾಲ್ಕು ತಿಂಗಳಾಗುತ್ತ ಬಂದಿತ್ತು.

“ನಮ್ಮ ಕೇರಿ ಮುಂದೆ ತಮಟೆ ಬಡಿಸಿ ಓದಿದರು ಅಣ್ಣ. ಇಂಥೋನು ತಲೆ ಮರೆಸಿಕೊಂಡಾನೆ, ಮೂವತ್ತು ದಿನದೊಳಗೆ ಕೋರ್ಟಿಗೆ ಬರದಿದ್ದರೆ ಮನೆ ಜಪ್ತಿ ಅಂತ. ತಮಟೆ ಬಡಿದೋನು ನನ್ನ ಭಾವನ ಮಗ. ನನ್ನ ಕೈಲಿ ಆಗಲ್ಲ ಅಂದ. ನಿಮ್ಮೋರು ಬಿಡಲಿಲ್ಲ, ಬಡಿಸಿದರು.”

ಚಿಕ್ಕಹನುಮಂತಪ್ಪನೂ ಬಿಳಿಚೋಡಿನವನೇ, ಅದೇ ಕೇರಿಯವನೇ. ಸಣ್ಣಪ್ಪ ಅವನಿಗಿಂತ ಎರಡು ವರ್ಷ ಚಿಕ್ಕವನು. ಒಟ್ಟಿಗೆ ಕುರಿ ಕಾಯ್ದಿದ್ದರು. ಒಬ್ಬ ಬಿ.ಎ. ಮುಗಿಸಿ ಪೊಲೀಸ್ ಟೋಪಿ ಹಾಕಿಕೊಂಡ. ಇನ್ನೊಬ್ಬ ಮಂಡಿಯ ಬಾಗಿಲಲ್ಲಿ ದೊಣ್ಣೆ ಹಿಡಿದು ಕೂತ.

“ಬುಧವಾರಕ್ಕೆ ಮೂವತ್ತು ದಿನ ತುಂಬುತೈತೆ. ಹನ್ನೊಂದು ಕುರಿ, ಒಂದು ಪೆಟ್ಟಿಗೆ, ಎಲ್ಲಾ ಬರಕೊಂಡು ಹೋಗ್ಯಾರೆ. ಬಾಗಿಲೂ ಬರಕೊಂಡ್ರು. ಬಾಗಿಲು ಯಾಕ್ರೀ ಅಂದೆ, ಅದು ತೇಗದ್ದು ಅಂದ್ರು.” ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ಅವನು ಬರದಿದ್ದ ಮರುದಿನ, ಭಾನುವಾರ, ನಾನಿಲ್ಲಿ ಬಂದು ಏನಂದೆ? ನನ್ನ ಗಂಡ ಬಂದಿಲ್ಲ, ಹುಡುಕಿಕೊಡ್ರಿ ಅಂದೆ. ಓಡಿಹೋದ ಅಂತ ನಾನು ಅಂದೆನಾ?”

“ಇಲ್ಲ.”

“ಮತ್ತೆ ಆ ಮಾತು ಎಲ್ಲಿಂದ ಬಂತು?”

ನಾಲ್ಕು ತಿಂಗಳು ಫೈಲು ಅವನ ಬೀರುವಿನಲ್ಲೇ ಇತ್ತು. ಅವನು ಒಮ್ಮೆಯೂ ಹೀಗೆ ಕೇಳಿಕೊಂಡಿರಲಿಲ್ಲ.

ಅವಳು ಹೊರಗಿನ ಬೇವಿನ ಮರದ ಕೆಳಗೆ ಹೋಗಿ ಕೂತಳು. ಉತ್ತರ ಸಿಗುವವರೆಗೆ ಬಸ್ಸು ಹತ್ತುವುದಿಲ್ಲ ಎಂದು ಹೇಳಿಯೇ ಹೋದಳು.

ಅವನು ಫೈಲು ಬಿಚ್ಚಿ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟ.

ಮೊದಲನೆಯದು ಜೂನ್ ಮೂರು, ಭಾನುವಾರದ್ದು. ಅಂಜಮ್ಮನ ದೂರನ್ನು ಠಾಣೆಯ ರೈಟರ್ ಉಚ್ಚಂಗೆಪ್ಪ ಸರ್ಕಲ್ ಕಚೇರಿಗೆ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದ. ಅದರಲ್ಲಿದ್ದ ಮಾತು ಮಿಸ್ಸಿಂಗ್. ಎರಡನೆಯದು ಜೂನ್ ನಾಲ್ಕು, ಸೋಮವಾರದ್ದು. ಮಂಡಿಯ ಹೆಸರು ಅಚ್ಚಾದ ಕಾಗದದ ಮೇಲೆ ಟೈಪು ಮಾಡಿದ ನಾಲ್ಕು ಸಾಲು. ನಮ್ಮ ಕಾವಲುಗಾರ ಸಣ್ಣಪ್ಪ ಅಬ್ಸ್ಕಾಂಡಿಂಗ್, ತಮ್ಮ ಗಮನಕ್ಕೆ. ಕೆಳಗೆ ವಿರೂಪಾಕ್ಷಪ್ಪನ ಸಹಿ.

ಆಮೇಲಿನ ಒಂದೊಂದು ಕಾಗದದಲ್ಲೂ ಎರಡನೆಯ ಮಾತೇ ಇತ್ತು. ಮೊದಲನೆಯದು ಮತ್ತೆ ಎಲ್ಲೂ ಕಾಣಿಸಲಿಲ್ಲ.

ಅವನು ಉಚ್ಚಂಗೆಪ್ಪನನ್ನು ಕರೆದು ತೋರಿಸಿದ. ಉಚ್ಚಂಗೆಪ್ಪನಿಗೆ ಇಪ್ಪತ್ತೆರಡು ವರ್ಷದ ಸರ್ವೀಸು. ಕನ್ನಡಕ ಹಣೆಗೇರಿಸಿ ಎರಡನ್ನೂ ನೋಡಿದ.

“ಎರಡೂ ಒಂದೇ ಅಲ್ವಾ ಸಾರ್. ಆಳು ಇಲ್ಲ ಅಂತ ತಾನೆ.”

ಚಿಕ್ಕಹನುಮಂತಪ್ಪ ಅವನನ್ನು ಕಳಿಸಿ ಎರಡೂ ಕಾಗದಗಳನ್ನು ಮತ್ತೆ ಓದಿದ.

ಮಿಸ್ಸಿಂಗ್ ಎಂದು ಬರೆದವನಿಗೆ ಗೊತ್ತಿರುವುದು ಒಂದೇ: ಇದ್ದವನು ಇಲ್ಲ. ಯಾಕೆ ಇಲ್ಲ, ತಾನಾಗಿ ಹೋದನೋ ಯಾರಾದರೂ ಒಯ್ದರೋ, ಜೀವ ಇದೆಯೋ ಇಲ್ಲವೋ, ಯಾವುದೂ ಅವನಿಗೆ ತಿಳಿಯದು. ಕುರಿಗೂ ಆ ಮಾತು ಸಲ್ಲುತ್ತದೆ, ಉಂಗುರಕ್ಕೂ ಸಲ್ಲುತ್ತದೆ. ಅಬ್ಸ್ಕಾಂಡಿಂಗ್ ಹಾಗಲ್ಲ. ಅದನ್ನು ಉಂಗುರಕ್ಕೆ ಹೇಳಲಾಗದು. ಅದಕ್ಕೆ ಕಾಲು ಬೇಕು, ಮನಸ್ಸು ಬೇಕು, ಬೆನ್ನ ಹಿಂದೆ ಒಂದು ತಪ್ಪು ಬೇಕು. ಮಾಡಿದ್ದು ಹೊರಬೀಳುತ್ತದೆಂದು ತಿಳಿದು, ಹಿಡಿಯಲು ಬರುವವರ ಕಣ್ಣು ತಪ್ಪಿಸಿ ಹೋದವನಿಗೆ ಆ ಮಾತು.

ಪೊಲೀಸರಿಗೆ ಈ ವ್ಯತ್ಯಾಸ ನಿಘಂಟಿನದಲ್ಲ, ಕೆಲಸದ್ದು. ಮೊದಲನೆಯದಾದರೆ ಆಸ್ಪತ್ರೆ ನೋಡಬೇಕು, ಬಾವಿ ಇಳಿಸಬೇಕು, ನಾಲೆಯ ತೂಬು ತಡಕಬೇಕು. ಎರಡನೆಯದಾದರೆ ವಾರಂಟು ತೆಗೆಸಿ ಅವನ ಅತ್ತೆಮನೆಯ ಮುಂದೆ ಕಾದು ಕೂತರೆ ಸಾಕು.

ಅವರು ಕಾದು ಕೂತಿದ್ದರು. ಜಗಳೂರು, ಹೊನ್ನಾಳಿ, ನ್ಯಾಮತಿ, ಎಲ್ಲಾ ಕಡೆ ನೆಂಟರ ಮನೆ ತಡಕಿದ್ದರು. ಒಂದೇ ಒಂದು ಬಾವಿ ನೋಡಿರಲಿಲ್ಲ.

ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಆ ಕ್ಷಣ ತಿಳಿಯಲಿಲ್ಲ. ಕಾಗದವನ್ನೇ ದಿಟ್ಟಿಸಿದ. ಆಗ ಅವನ ಕಣ್ಣು ಮಾತಿನಿಂದ ಜಾರಿ ತಾರೀಖಿನ ಮೇಲೆ ನಿಂತಿತು.

ಸೋಮವಾರ.

ಕಳವು ಬಯಲಾದದ್ದು ಗುರುವಾರ.

ವಿರೂಪಾಕ್ಷಪ್ಪನ ಮಂಡಿಯ ಪದ್ಧತಿ ಸುತ್ತಲಿನ ಬೆಳೆಗಾರರಿಗೆಲ್ಲ ಗೊತ್ತು. ಹಿಂದಿನ ಗೋದಾಮಿನ ಬೀಗದ ಮೇಲೆ ಒಂದು ಚೀಟಿ ಅಂಟಿಸುತ್ತಾರೆ. ಯಜಮಾನ, ತೂಕದವನು, ಬೆಳೆಗಾರರ ಕಡೆಯ ಒಬ್ಬ, ಮೂವರ ಸಹಿ. ಗುರುವಾರ ಮೂವರೂ ಎದುರಿಗಿದ್ದಾಗಲೇ ಆ ಚೀಟಿ ಹರಿಯಬೇಕು. ನಡುವೆ ಯಾರೂ ಬಾಗಿಲು ತೆಗೆಯುವಂತಿಲ್ಲ, ಯಜಮಾನನೂ ಸಹ. ಜೂನ್ ಏಳರ ಗುರುವಾರವೂ ಚೀಟಿ ಹರಿಯದೆ ಹಾಗೇ ಇತ್ತು ಎಂದು ಪಂಚನಾಮೆ ಹೇಳುತ್ತಿತ್ತು. ಹಿಂಬದಿಯ ಹೆಂಚು ತೆಗೆದು ಮಾಲು ಸಾಗಿಸಿದ್ದರು. ಬಾಗಿಲು ತೆಗೆದ ಮೇಲೆಯೇ ಎಲ್ಲರಿಗೂ ತಿಳಿದದ್ದು.

ಹಾಗಾದರೆ ಸೋಮವಾರ ಮಂಡಿಯವರಿಗೆ ತಿಳಿದಿರಬಹುದಾದದ್ದು ಇಷ್ಟೇ: ಕಾವಲುಗಾರ ಕೆಲಸಕ್ಕೆ ಬಂದಿಲ್ಲ. ತಪ್ಪೇ ಗೊತ್ತಿಲ್ಲದ ದಿನ, ತಪ್ಪು ಮಾಡಿ ಓಡಿದವನು ಎಂಬ ಮಾತನ್ನು ಬರೆದವರು ಯಾರು?

ಇದಕ್ಕೆ ವಕೀಲರು ಕೊಡುವ ಉತ್ತರವೂ ಅವನಿಗೆ ಗೊತ್ತಿತ್ತು. ಮಂಡಿಯವರ ಇಂಗ್ಲಿಷು ಸ್ವಾಮಿ, ಅವರಿಗೇನು ಗೊತ್ತು, ಬಾಯಿಗೆ ಬಂದದ್ದು ಬರೆದಿದ್ದಾರೆ. ಉಚ್ಚಂಗೆಪ್ಪ ಅಂದದ್ದೂ ಅದನ್ನೇ.

ಆದರೆ ಆ ಮಂಡಿಯಲ್ಲಿ ಇಂಗ್ಲಿಷು ಬರೆಯುವವನು ಒಬ್ಬನೇ. ಗುಮಾಸ್ತ ಬೆನಕಪ್ಪ. ಅವನ ಬಾಯಿಗೆ ಬಂದದ್ದು ಕೈಗೆ ಇಳಿಯುತ್ತಿರಲಿಲ್ಲ.

ಬಾಲವಾಡಿ ಟೀಚರು ಪ್ರೇಮಮ್ಮನ ಮನೆ ಠಾಣೆಯಿಂದ ನಾಲ್ಕನೆಯದು. ಎಸ್ಸೆಸ್ಸೆಲ್ಸಿ ಮುಗಿಸಿದರೆ ಸಂಬಳ ಏರುತ್ತದೆಂದು ಇಪ್ಪತ್ತಾರನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಕಟ್ಟಿದ್ದಳು. ಭಾನುವಾರ ಭಾನುವಾರ ಬೆನಕಪ್ಪ ಮಂಡಿಯ ಪಡಸಾಲೆಯಲ್ಲಿ ದೊಡ್ಡವರಿಗೆ ಇಂಗ್ಲಿಷು ಹೇಳಿಕೊಡುತ್ತಿದ್ದ. ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ತಪ್ಪು ಹೇಳಿದರೆ ಸಹಿಸುತ್ತಿರಲಿಲ್ಲ. ಚಿಕ್ಕಹನುಮಂತಪ್ಪ ಅವಳ ಮನೆಗೆ ಹೋಗಿ ಆ ಪಾಠದ ನೋಟ್‌ಬುಕ್ಕು ಕೇಳಿದ.

“ಮೂರು ಸಲ ಫೇಲಾಗೀನಿ ಸಾರ್. ಇಂಗ್ಲಿಷು ಒಂದೇ,” ಅಂದಳು ಪ್ರೇಮಮ್ಮ ನೋಟ್‌ಬುಕ್ಕು ಹುಡುಕುತ್ತ. “ಬೆನಕಪ್ಪ ಮೇಷ್ಟ್ರು ಹೇಳ್ತಾರೆ, ನಾಕನೇ ಸಲಾನೂ ಫೇಲಾಗ್ರಿ ಪರವಾಗಿಲ್ಲ, ಮಾತು ಮಾತ್ರ ತಪ್ಪಾಗಿ ಬಳಸಬ್ಯಾಡ್ರಿ ಅಂತ.”

ಬೆನಕಪ್ಪನ ಪಾಠದ ಕ್ರಮವೇ ಬೇರೆ. ವಾರಕ್ಕೊಂದು ಜೋಡಿ. ನೋಡಲು ಅಕ್ಕತಂಗಿಯರಂತಿರುವ ಎರಡು ಮಾತು, ಅರ್ಥ ಕನ್ನಡದಲ್ಲಿ, ಒಂದೊಂದಕ್ಕೂ ಒಂದು ಉದಾಹರಣೆ. ಎಲ್ಲರೂ ಬರೆದುಕೊಳ್ಳಬೇಕು, ಮುಂದಿನ ವಾರ ಒಪ್ಪಿಸಬೇಕು. ಪ್ರೇಮಮ್ಮನ ನೋಟ್‌ಬುಕ್ಕಿನಲ್ಲಿ ಅಂಥ ಐವತ್ತು ಜೋಡಿ ಇದ್ದವು.

ಹತ್ತೊಂಬತ್ತನೆಯದು ಫೆಬ್ರವರಿಯದು. ಅವಳ ಗುಂಡು ಅಕ್ಷರದಲ್ಲಿ ಹೀಗಿತ್ತು:

ಮಿಸ್ಸಿಂಗ್: ಎಲ್ಲಿದೆ ಎಂದು ತಿಳಿಯದ್ದು. ಮೇಯಲು ಬಿಟ್ಟ ಕರು ಸಂಜೆ ಬರಲಿಲ್ಲ. ಹುಡುಕುವವರು ಆಡುವ ಮಾತು.

ಅಬ್ಸ್ಕಾಂಡಿಂಗ್: ತಪ್ಪು ಮಾಡಿ ಕಣ್ಣು ತಪ್ಪಿಸಿ ಹೋದವನು. ಕಳವು ಹೊರಬಿದ್ದ ಮೇಲೆ ಊರು ಬಿಟ್ಟ ಗುಮಾಸ್ತ. ತಪ್ಪು ಗೊತ್ತಾಗುವ ಮೊದಲು ಯಾರಿಗೂ ಈ ಮಾತು ಹಾಕಬಾರದು.

ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿತ್ತು. ಯಾಕೆಂದು ಕೇಳಿದಾಗ ಮೇಷ್ಟ್ರೇ ಎಳೆಸಿದರು ಅಂದಳು.

ಮಂಡಿಯಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು. ಹಮಾಲರು ಮೂಟೆಗಳಿಗೆ ಒರಗಿದ್ದರು. ಯಜಮಾನರು ಹೊನ್ನಾಳಿಗೆ ಹೋಗಿದ್ದಾರೆ, ನಾಳೆ ಬರುತ್ತಾರೆ ಎಂದು ಬೆನಕಪ್ಪ ಎದ್ದು ನಿಂತು ಹೇಳಿದ. ನಲವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಪಂಚೆ, ಜೇಬಿನಲ್ಲಿ ಎರಡು ಪೆನ್ನು. ಎಡಗಡೆ ಟೈಪ್‌ರೈಟರು, ಅದರ ಮೇಲೊಂದು ಬಿಳಿ ಬಟ್ಟೆ.

ಚಿಕ್ಕಹನುಮಂತಪ್ಪ ಯಜಮಾನರ ಬಳಿ ಕೆಲಸವಿಲ್ಲ ಎಂದು ಹೇಳಿ, ಸೋಮವಾರದ ಕಾಗದ ತೆಗೆದು ಅವನ ಮುಂದಿಟ್ಟ.

“ಇದು ನಿಮ್ಮ ಟೈಪಿಂಗಾ?”

“ನಂದೇ.”

“ಈ ಮಾತು?”

ಬೆನಕಪ್ಪ ಬಗ್ಗಿ ನೋಡಿದ. ನೋಡಬೇಕಾದಷ್ಟಕ್ಕಿಂತ ಹೆಚ್ಚು ಹೊತ್ತು ನೋಡಿದ. “ಕೆಲಸಕ್ಕೆ ಬರದಿದ್ದೋರಿಗೆ ಹಿಂಗೇ ಬರೀತೀವಿ ಸಾಹೇಬ್ರೆ. ಮಂಡಿ ಭಾಷೆ. ನಿಮ್ಮಂಗೆ ಕಾಲೇಜು ಕಲಿತೋರಲ್ಲ ನಾವು.” ಸ್ವಲ್ಪ ತಡೆದು ಸೇರಿಸಿದ, “ನಿಮ್ಮ ಕಡೆಯೋರು ಈಗೀಗ ಇಂಗ್ಲಿಷು ಓದಾಕೆ ಶುರು ಮಾಡ್ಯಾರೆ. ಅದಕ್ಕೆ ಒಂದೊಂದು ಅಕ್ಷರಾನೂ ಭಾರಿ ಕಾಣ್ತೈತೆ.”

ಮೂಟೆಗೆ ಒರಗಿದ್ದ ಹಮಾಲನೊಬ್ಬ ಕಣ್ಣು ತೆರೆದ.

ಆ ಮಾತು ಎಲ್ಲಿಗೆ ನಾಟಬೇಕೋ ಅಲ್ಲಿಗೇ ನಾಟಿತ್ತು. ಚಿಕ್ಕಹನುಮಂತಪ್ಪ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ. ಸಿಟ್ಟು ಬಂದಾಗ ಮಾತಾಡಿದರೆ ಸೋಲುತ್ತೇನೆಂದು ಅವನು ಚಿಕ್ಕಂದಿನಲ್ಲೇ ಕಲಿತಿದ್ದ. ಬೆನಕಪ್ಪ ಪೆನ್ನು ತೆಗೆದ, ಮತ್ತೆ ಜೇಬಿಗಿಟ್ಟ. ಟೈಪ್‌ರೈಟರಿನ ಬಟ್ಟೆ ಸರಿಮಾಡಿದ.

ಆಗ ಪ್ರೇಮಮ್ಮನ ನೋಟ್‌ಬುಕ್ಕು ಮೇಜಿನ ಮೇಲೆ ಬಂತು. ಹತ್ತೊಂಬತ್ತನೇ ಜೋಡಿ.

“ಇದು ಯಾರ ಪಾಠ?”

ಬೆನಕಪ್ಪ ನೋಟ್‌ಬುಕ್ಕನ್ನು ತನ್ನ ಕಡೆ ತಿರುಗಿಸಿಕೊಂಡ.

“ತಪ್ಪು ಪಾಠ ಅಂತ ಆಯ್ತಲ್ಲ. ಮೇಷ್ಟ್ರಿಗೇ ಎರಡರ ವ್ಯತ್ಯಾಸ ಗೊತ್ತಿಲ್ಲ, ಮಂಡಿ ಭಾಷೆ ಅಂತಾರೆ. ಬರೋ ಭಾನುವಾರ ನಾನೇ ಬಂದು ಪಾಠಕ್ಕೆ ಬರೋರಿಗೆ ಹೇಳ್ತೀನಿ, ಈ ಐವತ್ತು ಜೋಡೀನೂ ಹೊಡೆದುಹಾಕ್ರಿ ಅಂತ.”

“ಗೊತ್ತಿಲ್ಲ ಅನ್ನಬ್ಯಾಡ್ರಿ.” ಬೆನಕಪ್ಪನ ದನಿ ಗಟ್ಟಿಯಾಯಿತು. “ಏನು ಬೇಕಾದ್ರೂ ಅನ್ರಿ, ಅದೊಂದು ಅನ್ನಬ್ಯಾಡ್ರಿ. ಇಪ್ಪತ್ತೈದು ವರ್ಷದಾಗೆ ನಾನೊಂದು ಮಾತು ಗೊತ್ತಿಲ್ಲದೆ ಬರೆದೋನಲ್ಲ.”

“ಹಂಗಾದ್ರೆ ಗೊತ್ತಿದ್ದೇ ಬರೆದ್ರಿ.”

ಬೆನಕಪ್ಪ ನೋಟ್‌ಬುಕ್ಕು ಮುಚ್ಚಿದ.

“ಗುರುವಾರ ಹೊರಬಿದ್ದ ಕಳವು ಸೋಮವಾರಾನೇ ನಿಮಗೆ ಗೊತ್ತಿತ್ತು. ಗೋದಾಮಿನ ಚೀಟಿ ಹರಿಯೋಕೆ ಮೂರು ದಿನ ಮೊದಲು. ಹೆಂಚು ತೆಗೆದೋರಿಗೆ ಬಿಟ್ರೆ ಅದು ಗೊತ್ತಿರಾಕೆ ಸಾಧ್ಯ ಇಲ್ಲ. ಏಳ್ರಿ, ಠಾಣೆಗೆ ಹೋಗೋಣ.”

ಬೆನಕಪ್ಪ ಏಳಲಿಲ್ಲ. ಹಮಾಲರನ್ನು ಹೊರಗೆ ಹೋಗುವಂತೆ ಕೈಸನ್ನೆ ಮಾಡಿದ. ಅವರು ಹೋದರು. ಗೋಡೆಯಾಚೆ ಯಾರೋ ಗೋಣಿ ಕೊಡವುತ್ತಿದ್ದ ಸದ್ದು ಬರುತ್ತಿತ್ತು, ಅದೂ ನಿಂತಿತು.

“ಸೋಮವಾರ ನಾನು ಊರಲ್ಲೇ ಇರಲಿಲ್ಲ,” ಅಂದ ಬೆನಕಪ್ಪ ಕೊನೆಗೆ. ಅಕ್ಕನ ಮಗಳ ಸೀಮಂತಕ್ಕೆಂದು ಗೋವಿನಕೋವಿಗೆ ಹೋಗಿದ್ದ. ಭಾನುವಾರ ಬೆಳಿಗ್ಗೆ ಹೋಗಿ ಮಂಗಳವಾರ ಬಂದಿದ್ದ. ಬೇಕಾದರೆ ಇಡೀ ಗೋವಿನಕೋವಿಯನ್ನು ಕೇಳಬಹುದು ಅಂದ.

“ಕಾಗದದ ಮೇಲೆ ಸೋಮವಾರ ಅಂತ ಐತೆ.”

“ನೋಡ್ರಿ. ತಾರೀಖು ಟೈಪ್ ಆಗಿಲ್ಲ, ಶಾಯಿ. ಅದು ನನ್ನ ಅಕ್ಷರ ಅಲ್ಲ, ಯಜಮಾನರದ್ದೂ ಅಲ್ಲ. ನಾನು ತಾರೀಖಿನ ಜಾಗ ಖಾಲಿ ಬಿಟ್ಟಿದ್ದೆ. ಖಾಲಿ ಬಿಡು ಅಂದ್ರು, ಬಿಟ್ಟೆ.”

“ಯಾವತ್ತು?”

“ಶನಿವಾರ. ಮಧ್ಯಾಹ್ನ ಮೂರಕ್ಕೆ.”

ಚಿಕ್ಕಹನುಮಂತಪ್ಪನಿಗೆ ಅದರ ಅರ್ಥ ತಲೆಗೆ ಇಳಿಯಲು ಒಂದು ಗಳಿಗೆ ಬೇಕಾಯಿತು. ಶನಿವಾರ ಮಧ್ಯಾಹ್ನ ಮೂರಕ್ಕೆ ಸಣ್ಣಪ್ಪ ಎಲ್ಲಿಗೂ ಹೋಗಿರಲಿಲ್ಲ.

“ಅವನು ಆ ಕಂಬದ ಹತ್ರ ಕೂತಿದ್ದ,” ಬೆನಕಪ್ಪ ಬಾಗಿಲ ಕಡೆ ನೋಡದೆ ಕೈ ಮಾಡಿದ. “ಟೀ ಕುಡೀತಿದ್ದ. ಯಜಮಾನರು ಒಳಗೆ ಕರೆದು ನಾಕು ಸಾಲು ಹೇಳಿದ್ರು. ನಾನು ಕೇಳಿದೆ ಸಾಹೇಬ್ರೆ, ಸುಳ್ಳಲ್ಲ. ಆಳು ಹೊರಗೆ ಕೂತಾನೆ, ಅಬ್ಸ್ಕಾಂಡಿಂಗ್ ಅಂತ ಹೆಂಗೆ ಬರೆಯಾದು ಅಂದೆ. ಬರಿ ಅಂದ್ರು. ಮಿಸ್ಸಿಂಗ್ ಅಂತ ಹಾಕಲಾ ಅಂದೆ. ಮಿಸ್ಸಿಂಗ್ ಅಂದ್ರೆ ಹುಡುಕ್ತಾರಪ್ಪಾ ಅಂದ್ರು.”

ಅಷ್ಟು ಹೇಳಿ ಕನ್ನಡಕ ತೆಗೆದ. ಒರೆಸಲಿಲ್ಲ, ಹಾಗೇ ಕೈಯಲ್ಲಿ ಹಿಡಿದುಕೊಂಡ.

ಚಿಕ್ಕಹನುಮಂತಪ್ಪ ಎದ್ದು ಮೇಜಿನ ಅಂಚು ಹಿಡಿದ. ಎದುರಿಗಿದ್ದವನನ್ನು ಹೊಡೆಯದಿರಲು ಏನನ್ನಾದರೂ ಹಿಡಿಯಲೇಬೇಕಾಗಿತ್ತು. ಆಮೇಲಿನ ನಾಲ್ಕು ತಿಂಗಳೂ ಈ ಮನುಷ್ಯ ಭಾನುವಾರದ ಪಾಠ ಬಿಟ್ಟಿರಲಿಲ್ಲ. ನಾಲ್ಕು ತಿಂಗಳು ಜೋಡಿ ಜೋಡಿಯಾಗಿ ಮಾತುಗಳ ಅರ್ಥ ಹೇಳಿದ್ದ.

“ಆ ಕಾಗದ ಠಾಣೆಗೆ ಹೆಂಗೆ ಬಂತು?”

“ನಮ್ಮ ಕಾಗದಗಳು ಹೋಗೋ ಹಂಗೇ ಹೋತು.”

“ಅಂದ್ರೆ?”

“ಕಾವಲುಗಾರನ ಕೈಲಿ.” ಬೆನಕಪ್ಪನ ದನಿ ಕೇಳಿಸದಷ್ಟು ಇಳಿದಿತ್ತು. “ಯಜಮಾನರೇ ಕೊಟ್ರು. ಠಾಣೆಗೆ ಕೊಟ್ಟು ಬಾ ಅಂದ್ರು. ಅವನು ಕವರ್ ತಿರುಗಿಸಿ ನೋಡಿ ನನ್ನ ಕೇಳಿದ, ಏನೈತಿ ಮೇಷ್ಟ್ರೇ ಇದರಾಗೆ ಅಂತ. ಏನಿಲ್ಲ ಹೋಗಪ್ಪ ಅಂದೆ.”

ಮಂಡಿಯ ಕಾಗದ ಯಾವುದೇ ಕಚೇರಿಗೆ ಹೋದರೂ ಜೊತೆಗೆ ತಪಾಲು ಪುಸ್ತಕ ಹೋಗುತ್ತದೆ. ಒಯ್ದವನು ಪುಸ್ತಕ ಮುಂದೆ ಹಿಡಿಯಬೇಕು, ಕಾಗದ ಪಡೆದವರು ಸಹಿ ಹಾಕಿ ಹೊತ್ತು ಬರೆಯಬೇಕು. ಬೆನಕಪ್ಪ ಕೆಳಗಿನ ಖಾನೆಯಿಂದ ಉದ್ದನೆಯ ಕೆಂಪು ಬಟ್ಟೆಯ ಪುಸ್ತಕ ತೆಗೆದು ಬಿಚ್ಚಿದ. ಯಜಮಾನರು ಆ ಹಾಳೆ ಹರಿದುಹಾಕು ಅಂದಿದ್ದರಂತೆ. ಪುಟದ ಸಂಖ್ಯೆ ತಪ್ಪುತ್ತದೆಂದು ಅವನು ಹರಿದಿರಲಿಲ್ಲ.

ಜೂನ್ ಎರಡು, ಶನಿವಾರ. ಪೊಲೀಸ್ ಠಾಣೆ, ಒಂದು ಕವರು. ಹೊತ್ತು, ಸಂಜೆ ಐದೂ ಮುಕ್ಕಾಲು. ಅದರ ಮುಂದೆ ಸಹಿ.

ಸಹಿ ಚಿಕ್ಕಹನುಮಂತಪ್ಪನದು.

ಅವನು ಪುಸ್ತಕವನ್ನು ಬೆಳಕಿಗೆ ಹಿಡಿದ. ಬೇರೆಯವರ ಕೈವಾಡವೇನಾದರೂ ಇದೆಯೇ ಎಂದು ಹುಡುಕಿದ. ಇರಲಿಲ್ಲ. ಕೊನೆಯ ಅಕ್ಷರದ ಬಾಲ ಎಳೆಯುವ ರೀತಿ ಅವನದೇ.

ಆ ಸಂಜೆ ನಿಧಾನವಾಗಿ ನೆನಪಿಗೆ ಬಂತು. ಉಚ್ಚಂಗೆಪ್ಪ ಸಂತೇಬೆನ್ನೂರಿಗೆ ಹೋಗಿದ್ದ. ಠಾಣೆಯಲ್ಲಿ ಅವನೊಬ್ಬನೇ. ಸರ್ಕಲ್ ಕಚೇರಿಯವರು ಫೋನಿನಲ್ಲಿ ಬಂದೋಬಸ್ತಿನ ವಿಚಾರಕ್ಕೆ ಬೈಯುತ್ತಿದ್ದರು. ಮೇಜಿನಾಚೆಯಿಂದ ಯಾರೋ ಪುಸ್ತಕ ಮುಂದೆ ಹಿಡಿದಿದ್ದರು. ರಿಸೀವರು ಕಿವಿಯಲ್ಲಿದ್ದ ಹಾಗೇ ಸಹಿ ಹಾಕಿದ್ದ, ಕವರನ್ನು ರೈಟರನ ತಟ್ಟೆಗೆ ಎಸೆದಿದ್ದ. ಪುಸ್ತಕ ಹಿಡಿದವನು ಮೆಲ್ಲಗೆ ಏನೋ ಅಂದಿದ್ದ. “ಆಯ್ತು ಹೊರಗಿರು” ಎಂದು ಇವನು ಅಂದಿದ್ದ. ಮುಖ ನೋಡಿರಲಿಲ್ಲ. ಫೋನು ಮುಗಿಯುವ ಹೊತ್ತಿಗೆ ಹೊರಗೆ ಯಾರೂ ಇರಲಿಲ್ಲ.

ಏನು ಅಂದಿರಬಹುದು? ಒಂದೇ ಕೇರಿಯವನು, ಒಟ್ಟಿಗೆ ಕುರಿ ಕಾಯ್ದವನು, ಊರಿನ ಸುದ್ದಿ ಹೇಳಲು ಬಾಯಿ ತೆರೆದಿದ್ದನೋ, ಬರಿದೇ ಅಣ್ಣ ಅಂದಿದ್ದನೋ.

ಈಗ ಸಿಟ್ಟಿಗೆ ಗುರಿ ಸಿಕ್ಕಿತ್ತು. ಅದು ಮೇಜಿನ ಆ ಕಡೆ ಇರಲಿಲ್ಲ.

“ಬಟ್ಟೆ ತೆಗೀರಿ,” ಅಂದ. “ಕಾಗದ ಏರಿಸ್ರಿ. ಮೂರು ಕಾಪಿ.”

ಬೆನಕಪ್ಪ ಕಾರ್ಬನ್ನು ಜೋಡಿಸಿ ಕಾಗದ ಏರಿಸಿದ.

ಚಿಕ್ಕಹನುಮಂತಪ್ಪ ನಿಂತೇ ಹೇಳತೊಡಗಿದ. ಮ್ಯಾಜಿಸ್ಟ್ರೇಟರಿಗೆ. ಬಿಳಿಚೋಡಿನ ಸಣ್ಣಪ್ಪನನ್ನು ಅಬ್ಸ್ಕಾಂಡಿಂಗ್ ಎಂದು ವರದಿ ಮಾಡಿದ್ದು ತಪ್ಪು. ಆತ ಮಿಸ್ಸಿಂಗ್. ಬುಧವಾರದ ಜಪ್ತಿಯನ್ನು ತಡೆಹಿಡಿಯಬೇಕು. ಆತ ಕೊನೆಯದಾಗಿ ಕಂಡದ್ದು ಜೂನ್ ಎರಡರಂದು ಸಂಜೆ ಐದೂ ಮುಕ್ಕಾಲಕ್ಕೆ, ಬನ್ನಿಗಟ್ಟೆ ಪೊಲೀಸ್ ಠಾಣೆಯ ಒಳಗೆ. ಆಗ ಠಾಣೆಯಲ್ಲಿದ್ದವನು ಈ ಕೆಳಗೆ ಸಹಿ ಮಾಡಿರುವ ನಾನೊಬ್ಬನೇ.

ಕೀಲಿಗಳ ಸದ್ದು ನಿಂತಿತು.

“ಸಾಹೇಬ್ರೆ, ಇದು ಕೋರ್ಟಿಗೆ ಹೋದ್ರೆ ಮೊದಲು ನಿಮ್ಮನ್ನೇ ಹಿಡೀತಾರೆ.”

“ಸಣ್ಣಪ್ಪನ ಹೆಂಡ್ತಿ ಠಾಣೆ ಮುಂದೆ ಮರದ ಕೆಳಗೆ ಕೂತಾಳೆ. ಟೈಪ್ ಮಾಡ್ರಿ.”

ಬೆನಕಪ್ಪ ಮಾಡಿದ. ಕೊನೆಯ ಚುಕ್ಕಿ ಹೊಡೆದು, ಕಾಗದವನ್ನು ರೋಲರಿನಿಂದ ಬಿಡಿಸದೆ, ಬೆರಳುಗಳನ್ನು ಕೀಲಿಗಳ ಮೇಲೆಯೇ ಇಟ್ಟುಕೊಂಡು ಕೂತ. ಆಮೇಲೆ ಪಕ್ಕದಲ್ಲಿ ಬಿಚ್ಚಿಕೊಂಡಿದ್ದ ತಪಾಲು ಪುಸ್ತಕದ ಕಡೆ ಒಮ್ಮೆ ನೋಡಿದ.

“ಅವನು ತಿರುಗಿ ಬರಲಿಲ್ಲ ಸಾಹೇಬ್ರೆ,” ಅಂದ. “ಪುಸ್ತಕ ಬಂತು. ಅವತ್ತೇ ಸಂಜೆ ಏಳಕ್ಕೆ. ಇದನ್ನ ತಂದು ನನ್ನ ಕೈಗೆ ಕೊಟ್ಟ ನಿಮ್ಮ ಠಾಣೆಯೋರ ಹೆಸರೂ ಟೈಪ್ ಮಾಡ್ಲಾ?”